ಸಮವಸ್ತ್ರದ ನಿಯಮ ಮತ್ತು ದುಬಾರಿ ಶೂ

ಶಾಲೆಗಳು ಪೋಷಕರ ಕೈಗಿಡುವ ಸಮವಸ್ತ್ರದ ನಿಯಮಾವಳಿಯು ಅಂಗಿಯ ಬಣ್ಣ, ಲಂಗದ ನೆರಿಗೆ, ಟೈಯ ಪಟ್ಟೆ, ಬೆಲ್ಟಿನ ಬಿಲ್ಲೆ, ಜಡೆಗೆ ಕಟ್ಟುವ ರಿಬ್ಬನ್ನು ಮುಂತಾದವನ್ನು ಬಹು ವಿವರವಾಗಿ ಗೊತ್ತುಮಾಡುತ್ತದೆ. ಪಾದರಕ್ಷೆಯ ವಿಷಯಕ್ಕೆ ಬಂದಾಗ ಮಾತ್ರ ವಾರದ ದಿನಗಳಿಗೆ ಕಪ್ಪು ಶೂ, ಶನಿವಾರದ ಕವಾಯತಿಗೆ ಬಿಳಿ ಕ್ಯಾನ್ವಾಸ್ ಶೂ ಎಂದಷ್ಟೇ ಹೇಳಿ ಮುಗಿಸುತ್ತದೆ. ಈ ಸಡಿಲಿನಿಂದಾಗಿ ಊರಿನ ಸಂತೆಯಲ್ಲಿ ಕೊಂಡ ಮುನ್ನೂರು ರೂಪಾಯಿಯ ರೆಗ್ಜಿನ್ ಶೂ ಮತ್ತು ಹತ್ತು ಸಾವಿರ ರೂಪಾಯಿಯನ್ನೂ ದಾಟುವ ವಿದೇಶಿ ಬ್ರ್ಯಾಂಡಿನ ಶೂ ಎರಡೂ ಬಣ್ಣ ಕಪ್ಪಾಗಿದ್ದರೆ ಸಾಕು, ಒಂದೇ ನಿಯಮದಡಿ ಒಪ್ಪಿತವಾಗುತ್ತವೆ. ಕತ್ತಿನಿಂದ ಮೊಣಕಾಲಿನವರೆಗೆ ಒಂದೇ ಬಗೆಯಾಗಿ ಕಾಣುವ ಮಕ್ಕಳ ನಡುವೆ ಮನೆಯ ಆದಾಯದ ಅಂತರವು ಕಾಲಿನಲ್ಲಿ ಬಯಲಾಗುತ್ತದೆ. ಇಂತಹ ಶೂಗಳಿಗೆ ಸಮವಸ್ತ್ರದ ನಿಯಮದಲ್ಲಿಯೇ ಮಿತಿ ಹಾಕಬೇಕೆ, ಹಾಕುವುದಾದರೆ ಆ ಮಿತಿಯ ಸ್ವರೂಪ ಹೇಗಿರಬೇಕು ಎಂಬುದು ಈ ಭಾಷಣದ ವಿಚಾರ. ಮಿತಿ ಬೇಕು ಎಂಬುದೇ ಇಲ್ಲಿನ ನಿಲುವು. ಆದರೆ ಮಕ್ಕಳ ಕೊಳ್ಳುವಿಕೆಗೆ ಮಿತಿ ಹಾಕುವ ಶಾಲೆಯು ತನ್ನ ಬೇಡಿಕೆಗಳಿಗೂ ಅಷ್ಟೇ ಕಟ್ಟುನಿಟ್ಟಾದ ಮಿತಿಯನ್ನು ಒಪ್ಪಿಕೊಂಡಾಗ ಮಾತ್ರ ಆ ನಿಯಮ ನ್ಯಾಯಸಮ್ಮತವಾಗುತ್ತದೆ.

ಸಮವಸ್ತ್ರದ ಇತಿಹಾಸವೇ ಈ ಪ್ರಶ್ನೆಯ ಮೊದಲ ಹಿನ್ನೆಲೆ. ಇಂಗ್ಲೆಂಡಿನಲ್ಲಿ 1552ರಲ್ಲಿ ಸ್ಥಾಪನೆಯಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯು ಬಡ ಮತ್ತು ಅನಾಥ ಮಕ್ಕಳಿಗೆ ಆಶ್ರಯ ನೀಡಿದಾಗ ಅವರಿಗೆ ಉದ್ದನೆಯ ನೀಲಿ ನಿಲುವಂಗಿ ಮತ್ತು ಹಳದಿ ಕಾಲುಚೀಲಗಳನ್ನು ಕೊಟ್ಟಿತು. ಶಾಲಾ ಸಮವಸ್ತ್ರದ ಅತ್ಯಂತ ಹಳೆಯ ಉದಾಹರಣೆಗಳಲ್ಲಿ ಅದನ್ನು ಎಣಿಸುತ್ತಾರೆ. ದಾನದ ಉಡುಪಾಗಿ ಹುಟ್ಟಿದ ಈ ಪದ್ಧತಿಯನ್ನು ಮುಂದೆ ಶ್ರೀಮಂತರ ಶಾಲೆಗಳು ಪ್ರತಿಷ್ಠೆಯ ಗುರುತಾಗಿ ಕೈಗೆತ್ತಿಕೊಂಡವು. ವಸಾಹತು ಕಾಲದಲ್ಲಿ ಮಿಷನರಿ ಶಾಲೆಗಳ ಮೂಲಕ ಭಾರತಕ್ಕೆ ಬಂದ ಸಮವಸ್ತ್ರವು ಸ್ವಾತಂತ್ರ್ಯಾನಂತರ ಸಾರ್ವಜನಿಕ ಶಿಕ್ಷಣ ಹರಡಿದಂತೆ ಇನ್ನೊಂದು ಅರ್ಥವನ್ನು ಪಡೆದುಕೊಂಡಿತು. ಜಮೀನುದಾರನ ಮಗುವೂ ಕೂಲಿಕಾರನ ಮಗುವೂ ಒಂದೇ ಬೆಂಚಿನ ಮೇಲೆ ಕುಳಿತಾಗ ಉಡುಪಿನಿಂದ ಯಾರನ್ನೂ ಅಳೆಯಲಾಗದು ಎಂಬ ಭರವಸೆ ಅದು. ಡಿ. ಎಸ್. ಕೊಠಾರಿ ಅವರ ಅಧ್ಯಕ್ಷತೆಯ 1964-66ರ ಶಿಕ್ಷಣ ಆಯೋಗವು ಎಲ್ಲ ವರ್ಗದ ಮಕ್ಕಳೂ ಒಟ್ಟಾಗಿ ಕಲಿಯುವ ಸಮಾನ ಶಾಲಾ ವ್ಯವಸ್ಥೆಯನ್ನು ಶಿಫಾರಸು ಮಾಡಿದ್ದು ಇದೇ ಆಶಯದ ಹಿನ್ನೆಲೆಯಲ್ಲಿ. ಆ ವ್ಯವಸ್ಥೆ ಕೈಗೂಡಲಿಲ್ಲ. ಸಮಾನತೆಯ ಹೊರಗುರುತಾಗಿ ಸಮವಸ್ತ್ರವಾದರೂ ಉಳಿಯಿತು. ಆದುದರಿಂದ ಅದರ ಯಾವುದೇ ಭಾಗವು ಸಂಪತ್ತಿನ ಪ್ರದರ್ಶನಕ್ಕೆ ತೆರೆದಿದ್ದರೆ ಇಡೀ ಸಮವಸ್ತ್ರದ ಉದ್ದೇಶವೇ ಅಷ್ಟರಮಟ್ಟಿಗೆ ಸೋಲುತ್ತದೆ.

ಪಾದರಕ್ಷೆಗಂತೂ ಈ ನಾಡಿನಲ್ಲಿ ಒಂದು ಕಹಿ ಚರಿತ್ರೆಯಿದೆ. ಮೇಲ್ಜಾತಿಯವರ ಬೀದಿಯಲ್ಲಿ ದಲಿತರು ಚಪ್ಪಲಿ ಮೆಟ್ಟಿ ನಡೆಯಕೂಡದು, ಎದುರಾದರೆ ಕಳಚಿ ಕೈಯಲ್ಲಿ ಹಿಡಿಯಬೇಕು ಎಂಬ ಕಟ್ಟುಪಾಡು ಎಷ್ಟೋ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತು. ಚರ್ಮ ಹದಮಾಡಿ ಪಾದರಕ್ಷೆ ಹೊಲಿಯುವವರೇ ಅದನ್ನು ತೊಡುವ ಹಕ್ಕಿನಿಂದ ವಂಚಿತರಾಗಿದ್ದರು. ಹನ್ನೆರಡನೆಯ ಶತಮಾನದ ಶರಣ ಸಮಗಾರ ಹರಳಯ್ಯ ಮತ್ತು ಆತನ ಪತ್ನಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿಕೊಟ್ಟರೆಂಬ ಐತಿಹ್ಯವು ಕನ್ನಡ ಜನಮನದಲ್ಲಿ ಇಷ್ಟು ಆಳವಾಗಿ ನಿಂತಿರುವುದಕ್ಕೆ ಆ ವಸ್ತುವಿಗೆ ಅಂಟಿಕೊಂಡಿದ್ದ ಮಾನ ಅಪಮಾನಗಳೂ ಕಾರಣವಾಗಿವೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಂದ ತಿದ್ದುಪಡಿಯು ಈ ಸಮುದಾಯಗಳ ವ್ಯಕ್ತಿಗಳು ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಧರಿಸುವುದನ್ನು ಅಥವಾ ಹೊಸ ಬಟ್ಟೆ ತೊಡುವುದನ್ನು ಅಡ್ಡಿಪಡಿಸುವುದು ಅಪರಾಧವೆಂದು ಸ್ಪಷ್ಟವಾಗಿ ನಮೂದಿಸಿದೆ. ಇಪ್ಪತ್ತೊಂದನೆಯ ಶತಮಾನದ ಕಾಯಿದೆಯೊಂದು ಪಾದರಕ್ಷೆಯನ್ನು ಹೆಸರಿಸಿ ರಕ್ಷಣೆ ಕೊಡಬೇಕಾಯಿತೆಂದರೆ, ಮಗುವಿನ ಕಾಲಿನ ಶೂ ಒಂದು ಕ್ಷುಲ್ಲಕ ವಿಷಯವೆಂದು ತಳ್ಳಿಹಾಕುವಂತಿಲ್ಲ. ಇದೇ ಚರಿತ್ರೆಯು ಶಾಲೆಗಳಿಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಯಾರು ಏನನ್ನು ತೊಡಬಾರದು ಎಂದು ಮೇಲಿನವರು ಕೆಳಗಿನವರಿಗೆ ವಿಧಿಸುವ ಹಳೆಯ ಕಟ್ಟಳೆಯ ನೆರಳು ಹೊಸ ನಿಯಮದ ಮೇಲೆ ಬೀಳಬಾರದು. ಎಲ್ಲರಿಗೂ ಎಟುಕುವ ಒಂದೇ ಮಟ್ಟವನ್ನು ಕಾಯುವುದಷ್ಟೇ ಅದರ ಗುರಿಯಾಗಿರಬೇಕು.

ಶೂ ಮತ್ತು ಮಾನದ ಸಂಬಂಧವನ್ನು ಅರ್ಥಶಾಸ್ತ್ರವೂ ಬಹು ಹಿಂದೆಯೇ ಗುರುತಿಸಿದೆ. ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ‘ವೆಲ್ತ್ ಆಫ್ ನೇಷನ್ಸ್’ ಗ್ರಂಥದಲ್ಲಿ ಜೀವನಾವಶ್ಯಕ ವಸ್ತುಗಳೆಂದರೆ ಯಾವುವು ಎಂದು ವಿವೇಚಿಸುವಾಗ ಚರ್ಮದ ಶೂವಿನ ಉದಾಹರಣೆಯನ್ನೇ ತೆಗೆದುಕೊಂಡನು. ಇಂಗ್ಲೆಂಡಿನಲ್ಲಿ ಮರ್ಯಾದಸ್ಥರಾದ ಬಡ ಗಂಡಸರಾಗಲಿ ಹೆಂಗಸರಾಗಲಿ ಶೂ ಇಲ್ಲದೆ ಜನರೆದುರು ಕಾಣಿಸಿಕೊಳ್ಳಲು ನಾಚುತ್ತಾರೆ, ಸ್ಕಾಟ್ಲೆಂಡಿನಲ್ಲಿ ಈ ನಾಚಿಕೆ ಗಂಡಸರಿಗೆ ಮಾತ್ರ ಉಂಟು, ಫ್ರಾನ್ಸಿನಲ್ಲಿ ಇಬ್ಬರಿಗೂ ಇಲ್ಲ ಎಂದು ಅವನು ತೋರಿಸಿದನು. ಯಾವುದು ಅವಶ್ಯಕ ಎಂಬುದನ್ನು ದೇಹದ ಅಗತ್ಯದ ಜೊತೆಗೆ ಸುತ್ತಲಿನವರ ರೂಢಿಯೂ ನಿರ್ಧರಿಸುತ್ತದೆ ಎಂಬುದು ಆ ವಿವೇಚನೆಯ ಸಾರ. ಎರಡು ಶತಮಾನಗಳ ನಂತರ ಅಮರ್ತ್ಯ ಸೇನ್ ಈ ವಿಚಾರವನ್ನು ಬೆಳೆಸಿ, ನಾಚಿಕೆಪಡದೆ ಜನರ ನಡುವೆ ಕಾಣಿಸಿಕೊಳ್ಳಬಲ್ಲ ಸಾಮರ್ಥ್ಯವೂ ಮನುಷ್ಯನ ಮೂಲಭೂತ ಸಾಮರ್ಥ್ಯಗಳಲ್ಲೊಂದು ಎಂದು ವಾದಿಸಿದರು. ಆ ಸಾಮರ್ಥ್ಯ ಎಲ್ಲ ಸಮಾಜಗಳಲ್ಲಿಯೂ ಬೇಕಾದದ್ದು, ಅದಕ್ಕೆ ತಗಲುವ ವೆಚ್ಚ ಮಾತ್ರ ಸಮಾಜದಿಂದ ಸಮಾಜಕ್ಕೆ ಏರುಪೇರಾಗುತ್ತದೆ. ಈ ವಿಚಾರವನ್ನು ತರಗತಿಗೆ ಅನ್ವಯಿಸಿದರೆ, ಸಹಪಾಠಿಗಳ ನಡುವೆ ತಲೆಯೆತ್ತಿ ಕೂರಲು ಒಂದು ಮಗುವಿಗೆ ಎಷ್ಟು ಹಣ ಬೇಕು ಎಂಬುದನ್ನು ಆ ತರಗತಿಯ ರೂಢಿಯೇ ಗೊತ್ತುಮಾಡುತ್ತದೆ. ಮುನ್ನೂರು ರೂಪಾಯಿಯ ಶೂ ಸಾಮಾನ್ಯವಾಗಿರುವ ತರಗತಿಯಲ್ಲಿ ಮಾನದ ಬೆಲೆ ಮುನ್ನೂರು ರೂಪಾಯಿ. ಐದು ಸಾವಿರದ ಶೂ ಸಾಮಾನ್ಯವಾದ ದಿನ ಅದೇ ಮಾನಕ್ಕೆ ಐದು ಸಾವಿರ ತೆರಬೇಕಾಗುತ್ತದೆ.

ಈ ಬೆಲೆ ಹೇಗೆ ಏರುತ್ತದೆ ಎಂಬುದಕ್ಕೆ ಎರಡು ಪರಿಕಲ್ಪನೆಗಳು ನೆರವಾಗುತ್ತವೆ. ಅಮೆರಿಕದ ಚಿಂತಕ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿ ಪ್ರಕಟಿಸಿದ ತನ್ನ ಕೃತಿಯಲ್ಲಿ ತೋರಿಕೆಯ ಅನುಭೋಗದ ವಿಚಾರವನ್ನು ಮಂಡಿಸಿದನು. ವಸ್ತುವಿನ ಬಳಕೆಗಿಂತ ಅದಕ್ಕೆ ತೆತ್ತ ಬೆಲೆಯನ್ನು ಇತರರಿಗೆ ಕಾಣಿಸುವುದೇ ಮುಖ್ಯವಾಗುವ ಕೊಳ್ಳುವಿಕೆಯನ್ನು ಅದು ಸೂಚಿಸುತ್ತದೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಫ್ರೆಡ್ ಹಿರ್ಷ್ 1976ರಲ್ಲಿ ಸ್ಥಾನಸೂಚಕ ಸರಕುಗಳ ಬಗ್ಗೆ ಬರೆದನು. ಎಲ್ಲರ ಬಳಿಯೂ ಇಲ್ಲದಿರುವುದರಿಂದಲೇ ಬೆಲೆ ಪಡೆಯುವ, ಎಲ್ಲರಿಗೂ ದೊರೆತೊಡನೆ ಬೆಲೆ ಕಳೆದುಕೊಳ್ಳುವ ಸರಕುಗಳು ಅವು. ಬಯಲಾಟ ನೋಡಲು ನೆಲದ ಮೇಲೆ ಕುಳಿತ ಜನರಲ್ಲಿ ಮುಂದಿನ ಸಾಲಿನವರು ಎದ್ದು ನಿಂತರೆ ಹಿಂದಿನವರೂ ಏಳಲೇಬೇಕಾಗುತ್ತದೆ. ಕೊನೆಗೆ ಎಲ್ಲರ ಕಾಲೂ ನೋಯುತ್ತದೆ, ಯಾರಿಗೂ ಮೊದಲಿಗಿಂತ ಚೆನ್ನಾಗಿ ಆಟ ಕಾಣುವುದಿಲ್ಲ. ದುಬಾರಿ ಶೂಗಳ ಪೈಪೋಟಿಯೂ ಇದೇ ಬಗೆಯದು. ಒಬ್ಬ ಪೋಷಕನು ತಾನೊಬ್ಬನೇ ಅದರಿಂದ ಹಿಂದೆ ಸರಿದರೆ ಅವನ ಮಗು ಒಂಟಿಯಾಗುತ್ತದೆ, ಎಲ್ಲರೂ ಒಟ್ಟಾಗಿ ಸರಿದರೆ ಯಾರಿಗೂ ನಷ್ಟವಿಲ್ಲ. ಹಾಗೆ ಒಟ್ಟಾಗಿ ಸರಿಯುವುದಕ್ಕೆ ಎಲ್ಲರಿಗೂ ಅನ್ವಯಿಸುವ ಒಂದು ನಿಯಮ ಬೇಕು. ಇಂತಹ ನಿಯಮವು ಪೋಷಕರ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುತ್ತದೆ ಎನ್ನುವುದಕ್ಕಿಂತ, ತಮಗೆ ಬೇಡವಾದ ಪೈಪೋಟಿಯಿಂದ ಹೊರಬರುವ ಸ್ವಾತಂತ್ರ್ಯವನ್ನು ಬಹುಪಾಲು ಪೋಷಕರಿಗೆ ಕೊಡುತ್ತದೆ ಎನ್ನುವುದು ಹೆಚ್ಚು ಸರಿ.

ಈ ಪೈಪೋಟಿಯ ಅತಿರೇಕವನ್ನು ಕಂಡ ದೇಶ ಅಮೆರಿಕ. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಹೆಸರಿನ ಏರ್ ಜೋರ್ಡನ್ ಶೂಗಳನ್ನು ನೈಕಿ ಸಂಸ್ಥೆಯು 1985ರಲ್ಲಿ 65 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದಿತು; ಆ ದಶಕ ಮುಗಿಯುವ ಹೊತ್ತಿಗೆ ಅದರ ಬೆಲೆ 100 ಡಾಲರನ್ನು ಮೀರಿತ್ತು, ಬಡ ಬಡಾವಣೆಗಳ ಹುಡುಗರ ಪಾಲಿಗೆ ಅದು ಸ್ಥಾನಮಾನದ ಗುರುತಾಗಿತ್ತು. 1989ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬನು ಇಂತಹ ಶೂಗಳಿಗಾಗಿಯೇ ಕೊಲೆಗೀಡಾದನು. ಮರುವರ್ಷ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯು ಶೂ ಮತ್ತು ಜಾಕೆಟ್ಟುಗಳಿಗಾಗಿ ನಡೆಯುತ್ತಿದ್ದ ಹಿಂಸೆಯನ್ನೇ ಮುಖಪುಟದ ವಿಷಯವಾಗಿಸಿತು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಗರದ ಸಾರ್ವಜನಿಕ ಶಾಲಾ ಆಡಳಿತವು 1994ರಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಿಗೆ ಸಮವಸ್ತ್ರವನ್ನು ಕಡ್ಡಾಯಗೊಳಿಸಿತು. ಅಧ್ಯಕ್ಷ ಬಿಲ್ ಕ್ಲಿಂಟನ್ 1996ರ ಜನವರಿಯಲ್ಲಿ ಅಮೆರಿಕದ ಸಂಸತ್ತಿನೆದುರು ಮಾಡಿದ ವಾರ್ಷಿಕ ಭಾಷಣದಲ್ಲಿ, ದುಬಾರಿ ಜಾಕೆಟ್ಟುಗಳಿಗಾಗಿ ಹದಿಹರೆಯದವರು ಒಬ್ಬರನ್ನೊಬ್ಬರು ಕೊಲ್ಲುವುದು ನಿಲ್ಲುವುದಾದರೆ ಶಾಲೆಗಳು ಸಮವಸ್ತ್ರವನ್ನು ವಿಧಿಸಲಿ ಎಂದು ಬೆಂಬಲಿಸಿದರು. ಆದರೆ ಸಮಾಜಶಾಸ್ತ್ರಜ್ಞರಾದ ಡೇವಿಡ್ ಬ್ರನ್ಸ್ಮಾ ಮತ್ತು ಕೆರಿ ಆನ್ ರಾಕ್‌ಕ್ವೆಮೋರ್ 1998ರಲ್ಲಿ ಪ್ರಕಟಿಸಿದ ಅಧ್ಯಯನವು ಹಾಜರಿ, ನಡತೆ ಮತ್ತು ಮಾದಕ ವಸ್ತುಗಳ ಬಳಕೆ ಇವುಗಳ ಮೇಲೆ ಸಮವಸ್ತ್ರದ ನೇರ ಪರಿಣಾಮವೇನೂ ಕಾಣದೆಂದು ತೋರಿಸಿತು. ಇದರಿಂದ ತಿಳಿಯಬೇಕಾದದ್ದು ಸ್ಪಷ್ಟವಾಗಿದೆ. ಉಡುಪಿನ ನಿಯಮದಿಂದ ಮಕ್ಕಳು ಜಾಣರಾಗುತ್ತಾರೆ, ಶಿಸ್ತುಗಾರರಾಗುತ್ತಾರೆ ಎಂದು ಹೇಳಿಕೊಳ್ಳುವುದಕ್ಕೆ ಗಟ್ಟಿಯಾದ ಆಧಾರವಿಲ್ಲ; ಶೂಗಳಿಗೆ ಮಿತಿ ಹಾಕುವುದಾದರೆ ಅದಕ್ಕೆ ಕೊಡಬೇಕಾದ ಸಮರ್ಥನೆ ಪೋಷಕರ ಖರ್ಚು ಮತ್ತು ಮಕ್ಕಳ ಮಾನ, ಇವೆರಡು ಮಾತ್ರ.

ಖರ್ಚಿನ ದೃಷ್ಟಿಯಿಂದ ಇಂಗ್ಲೆಂಡು ಈ ವಿಷಯವನ್ನು ಹೆಚ್ಚು ಕ್ರಮವಾಗಿ ಎದುರಿಸಿದೆ. ಲಿವರ್‌ಪೂಲಿನ ಎದುರು ದಡದ ಬರ್ಕನ್‌ಹೆಡ್ ಪಟ್ಟಣದ ವುಡ್‌ಚರ್ಚ್ ಹೈಸ್ಕೂಲು 2018ರಲ್ಲಿ ಮಾಂಕ್ಲರ್, ಕೆನಡಾ ಗೂಸ್ ಮೊದಲಾದ ಬ್ರ್ಯಾಂಡುಗಳ, ನೂರಾರು ಪೌಂಡ್ ಬೆಲೆಯ ಚಳಿಗಾಲದ ಕೋಟುಗಳನ್ನು ಶಾಲೆಗೆ ತೊಟ್ಟು ಬರುವುದನ್ನು ನಿಷೇಧಿಸಿತು. ಅವನ್ನು ಕೊಳ್ಳಲಾಗದ ಮನೆಗಳ ಮಕ್ಕಳು ಬಡತನದ ಕಳಂಕಕ್ಕೆ ಒಳಗಾಗಬಾರದೆಂಬುದೇ ಶಾಲೆಯು ಕೊಟ್ಟ ಕಾರಣ. ಮುಂದೆ 2021ರಲ್ಲಿ ಬ್ರಿಟಿಷ್ ಸಂಸತ್ತು ಸಮವಸ್ತ್ರದ ವೆಚ್ಚಕ್ಕೆಂದೇ ಕಾಯಿದೆಯೊಂದನ್ನು ಅಂಗೀಕರಿಸಿತು. ಅದರಡಿ ಬಂದ ಮಾರ್ಗಸೂಚಿಯು ಬ್ರ್ಯಾಂಡ್ ಉಡುಪುಗಳನ್ನು ಅತ್ಯಲ್ಪಕ್ಕೆ ಇಳಿಸಬೇಕು, ಒಂದೇ ಅಂಗಡಿಯೊಂದಿಗೆ ಏಕಸ್ವಾಮ್ಯದ ಒಪ್ಪಂದವನ್ನು ತಪ್ಪಿಸಬೇಕು, ಬಳಸಿದ ಸಮವಸ್ತ್ರಗಳು ಪೋಷಕರಿಗೆ ದೊರೆಯುವಂತೆ ನೋಡಿಕೊಳ್ಳಬೇಕು ಎಂದು ಶಾಲೆಗಳಿಗೆ ವಿಧಿಸಿತು. ಇಲ್ಲಿ ಬ್ರ್ಯಾಂಡ್ ಉಡುಪೆಂದರೆ ಮುಖ್ಯವಾಗಿ ಶಾಲೆಯದೇ ಲಾಂಛನ ಹೊತ್ತು, ಗೊತ್ತಾದ ಅಂಗಡಿಯಲ್ಲಿ ಮಾತ್ರ ಸಿಗುವ ಉಡುಪು ಎಂಬುದನ್ನು ಗಮನಿಸಬೇಕು. ಹೊರೆಯು ಮಾರುಕಟ್ಟೆಯಿಂದ ಬರುವಂತೆಯೇ ಶಾಲೆಯಿಂದಲೂ ಬರಬಹುದೆಂಬ ತಿಳಿವಳಿಕೆ ಆ ಮಾರ್ಗಸೂಚಿಯಲ್ಲಿದೆ. ಇದಕ್ಕೆ ತೀರ ವಿರುದ್ಧವಾದ ಉದಾಹರಣೆ ಜಪಾನಿನದು. ಟೋಕಿಯೋ ನಗರದ ಗಿಂಜಾ ಪ್ರದೇಶದಲ್ಲಿರುವ ತೈಮೆಯಿ ಎಂಬ ಸಾರ್ವಜನಿಕ ಪ್ರಾಥಮಿಕ ಶಾಲೆಯು ಇಟಲಿಯ ಅರ್ಮಾನಿ ಸಂಸ್ಥೆ ವಿನ್ಯಾಸಗೊಳಿಸಿದ ಸಮವಸ್ತ್ರವನ್ನು 2018ರಲ್ಲಿ ಆರಿಸಿಕೊಂಡಾಗ, ಪೂರ್ಣ ಜೊತೆಯ ಬೆಲೆ 80,000 ಯೆನ್ ದಾಟುತ್ತದೆಂದು ತಿಳಿದು ದೇಶದಲ್ಲೆಲ್ಲ ಆಕ್ಷೇಪ ಎದ್ದಿತು. ಶ್ರೀಮಂತಿಕೆಯ ಪ್ರದರ್ಶನವನ್ನು ತಡೆಯಬೇಕಾದ ಸಾಧನವೇ ಅದರ ವಾಹನವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕರ್ನಾಟಕದ ಸನ್ನಿವೇಶವನ್ನು ಈ ಬೆಳಕಿನಲ್ಲಿ ನೋಡಿದರೆ ಎರಡು ಚಿತ್ರಗಳು ಕಾಣುತ್ತವೆ. ಸರ್ಕಾರಿ ಶಾಲೆಗಳ ಒಂದರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ ಮತ್ತು ಎರಡು ಜೊತೆ ಬಿಳಿ ಕಾಲುಚೀಲಗಳನ್ನು ರಾಜ್ಯ ಸರ್ಕಾರವೇ ಕೊಡುತ್ತದೆ. ‘ಶೂ ಭಾಗ್ಯ’ ಎಂದು ಜನರು ಕರೆಯುವ ಈ ಯೋಜನೆಗೆ 2022-23ರ ಸಾಲಿನಲ್ಲಿ ಸುಮಾರು 132 ಕೋಟಿ ರೂಪಾಯಿಗಳನ್ನು ಒದಗಿಸಲಾಯಿತು. ಒಂದರಿಂದ ಐದನೆಯ ತರಗತಿಗೆ 265, ಆರರಿಂದ ಎಂಟಕ್ಕೆ 295, ಒಂಬತ್ತು ಮತ್ತು ಹತ್ತಕ್ಕೆ 325 ರೂಪಾಯಿಯಂತೆ ದರ ಗೊತ್ತುಮಾಡಿ, ಕೊಳ್ಳುವ ಹೊಣೆಯನ್ನು ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ, ಅಂದರೆ ಎಸ್‌ಡಿಎಂಸಿಗಳಿಗೆ ವಹಿಸಲಾಯಿತು. ಈ ದರದಲ್ಲಿ ಗುಣಮಟ್ಟದ ಶೂ ದೊರೆಯುವುದು ಕಷ್ಟವೆಂಬ ದೂರಿಗೆ ಹುರುಳಿದೆ. ಆದರೂ ಒಂದು ಸರ್ಕಾರಿ ಶಾಲೆಯ ಅಂಗಳದಲ್ಲಿ ಎಲ್ಲ ಮಕ್ಕಳ ಕಾಲಿನಲ್ಲಿಯೂ ಒಂದೇ ಬಗೆಯ ಶೂ ಇರುತ್ತದೆಂಬುದು ಸಣ್ಣ ಸಾಧನೆಯಲ್ಲ.

ಖಾಸಗಿ ಶಾಲೆಗಳ ಚಿತ್ರ ಬೇರೆಯಾಗಿದೆ. ಶಿಕ್ಷಣ ಹಕ್ಕು ಕಾಯಿದೆ, 2009ರ ಹನ್ನೆರಡನೆಯ ಸೆಕ್ಷನ್ನು ಅನುದಾನರಹಿತ ಖಾಸಗಿ ಶಾಲೆಗಳು ತಮ್ಮ ಪ್ರವೇಶ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗ ಮತ್ತು ಅವಕಾಶವಂಚಿತ ಸಮುದಾಯಗಳ ನೆರೆಹೊರೆಯ ಮಕ್ಕಳಿಗೆ ಮೀಸಲಿಡಬೇಕೆಂದು ವಿಧಿಸಿತು. ಸುಪ್ರೀಂ ಕೋರ್ಟು 2012ರ ಏಪ್ರಿಲಿನಲ್ಲಿ ಅದನ್ನು ಎತ್ತಿಹಿಡಿಯಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಹೊಣೆಯಿಲ್ಲವೆಂದು ಕರ್ನಾಟಕವು ನಿಯಮಗಳನ್ನು ತಿದ್ದಿದ್ದರಿಂದ 2019-20ರಿಂದೀಚೆಗೆ ಇಂತಹ ಪ್ರವೇಶಗಳು ಬಹುವಾಗಿ ಇಳಿದವಾದರೂ, ಅದಕ್ಕೆ ಮುಂಚೆ ಸೇರಿದ ಸಾವಿರಾರು ಮಕ್ಕಳು ಆ ತರಗತಿಗಳಲ್ಲಿಯೇ ಬೆಳೆದರು. ಇವರಲ್ಲದೆ ಹೊಲ ಮಾರಿ, ಸಾಲ ಮಾಡಿ, ಆಟೊ ಓಡಿಸಿ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿದು ಇಂಗ್ಲಿಷ್ ಮಾಧ್ಯಮದ ಶುಲ್ಕ ಕಟ್ಟುವ ಅಸಂಖ್ಯ ಪೋಷಕರ ಮಕ್ಕಳೂ ಅಲ್ಲಿದ್ದಾರೆ. ಶುಲ್ಕದ ಕಂತನ್ನು ಹೇಗೋ ಹೊಂದಿಸುವ ತಾಯಿಯೊಬ್ಬಳು ಮಗನ ಒತ್ತಾಯಕ್ಕೆ ಮಣಿದು ತಿಂಗಳ ಸಂಬಳದ ದೊಡ್ಡ ಪಾಲನ್ನು ಶೂವಿಗೆ ಸುರಿಯಬೇಕಾಗಿ ಬರುವುದು ಅಥವಾ ಸುರಿಯಲಾಗದೆ ಮಗನ ಮುಖ ನೋಡಲು ಹಿಂಜರಿಯಬೇಕಾಗಿ ಬರುವುದು, ಎರಡೂ ಶಾಲೆಯೊಂದು ಕಡೆಗಣಿಸಬಾರದ ನೋವುಗಳು.

ದುಬಾರಿ ಶೂ ಪಾದಕ್ಕೆ ಒಳ್ಳೆಯದು, ಆದುದರಿಂದ ಅದನ್ನು ತಡೆಯಬಾರದು ಎಂಬುದು ಪದೇ ಪದೇ ಕೇಳಿಬರುವ ವಾದ. ಪಾದರಕ್ಷೆಗೆ ಆರೋಗ್ಯದ ಪಾತ್ರವಿದೆ ಎಂಬುದರಲ್ಲಿ ಅನುಮಾನವಿಲ್ಲ. ಬರಿಗಾಲಿನ ಚರ್ಮದ ಮೂಲಕ ದೇಹ ಸೇರುವ ಕೊಕ್ಕೆ ಹುಳು ರಕ್ತಹೀನತೆಯನ್ನು ಉಂಟುಮಾಡುತ್ತದೆ, ಅದನ್ನು ತಡೆಯಲು ಸಾಧಾರಣ ಪಾದರಕ್ಷೆಯೂ ನೆರವಾಗುತ್ತದೆ. ಆದರೆ ಬೆಲೆ ಹೆಚ್ಚಿದಷ್ಟೂ ಮಗುವಿನ ಪಾದಕ್ಕೆ ಒಳಿತು ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ಈ ವಿಷಯದಲ್ಲಿ ಜಗತ್ತಿನ ಮೂಳೆ ತಜ್ಞರು ಇಂದಿಗೂ ಉಲ್ಲೇಖಿಸುವ ಅಧ್ಯಯನವೊಂದು ನಡೆದದ್ದು ಕರ್ನಾಟಕದಲ್ಲಿಯೇ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು ನಾಲ್ಕರಿಂದ ಹದಿಮೂರು ವರ್ಷದೊಳಗಿನ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದವಿದ್ದರೆ ಬರಿಗಾಲಿನಲ್ಲಿ ಬೆಳೆದವರಲ್ಲಿ ಅದು ಶೇ. 2.8ರಷ್ಟು ಮಾತ್ರ ಇತ್ತು. ಪಾದದ ಒಳಬದಿಯ ಕಮಾನು ಸರಿಯಾಗಿ ಏಳದೆ ಇಡೀ ಅಂಗಾಲು ನೆಲಕ್ಕೆ ತಾಗುವ ಸ್ಥಿತಿಯೇ ಚಪ್ಪಟೆ ಪಾದ. ಬೆರಳುಗಳನ್ನು ಮುಚ್ಚುವ ಶೂ ತೊಡುವವರಲ್ಲಿ ಇದು ಹೆಚ್ಚಾಗಿಯೂ ಸ್ಯಾಂಡಲ್ ಮತ್ತು ಚಪ್ಪಲಿ ತೊಡುವವರಲ್ಲಿ ಕಡಿಮೆಯಾಗಿಯೂ ಕಂಡುಬಂದಿತು. ಬೆಳೆಯುವ ಪಾದಕ್ಕೆ ಬೇಕಾದದ್ದು ಬೆರಳಾಡಿಸಲು ಜಾಗ, ಬಾಗುವ ಅಟ್ಟೆ, ಗಾಳಿಯಾಡುವ ಮೇಲುಹೊದಿಕೆ ಮತ್ತು ಸರಿಯಾದ ಅಳತೆ. ಇವಾವುದಕ್ಕೂ ವಿಶ್ವವಿಖ್ಯಾತ ಹೆಸರಿನ ಅಗತ್ಯವಿಲ್ಲ. ಮಕ್ಕಳ ಪಾದ ವರ್ಷವೊಂದರಲ್ಲಿಯೇ ಅಳತೆ ಮೀರಿ ಬೆಳೆಯುವುದರಿಂದ ಹೆಚ್ಚು ಬೆಲೆಯ ಶೂ ಹೆಚ್ಚು ಕಾಲ ಬಾಳುತ್ತದೆಂಬ ಲೆಕ್ಕಾಚಾರವೂ ಇಲ್ಲಿ ನಿಲ್ಲುವುದಿಲ್ಲ. ಸರ್ಕಾರಿ ಯೋಜನೆಯ ನಂತರದ ಮಾರ್ಗಸೂಚಿಗಳು ಸ್ಥಳೀಯ ಹವಾಮಾನಕ್ಕೆ ತಕ್ಕಂತೆ ಶೂವಿನ ಬದಲು ಸ್ಯಾಂಡಲ್ ಕೊಡಲು ಅವಕಾಶ ಕಲ್ಪಿಸಿದ್ದು ಈ ದೃಷ್ಟಿಯಿಂದ ಸ್ವಾಗತಾರ್ಹ. ಮಳೆ ಸುರಿಯುವ ಕರಾವಳಿ ಮಲೆನಾಡುಗಳಲ್ಲಿಯೂ ಬೇಸಗೆ ಸುಡುವ ಕಲಬುರಗಿ ರಾಯಚೂರುಗಳಲ್ಲಿಯೂ ಒದ್ದೆಯಾದ ಅಥವಾ ಬೆವರಿದ ಮುಚ್ಚು ಶೂವಿಗಿಂತ ತೆರೆದ ಸ್ಯಾಂಡಲ್ಲೇ ಹಿತಕರ.

ಇನ್ನುಳಿದ ಆಕ್ಷೇಪಗಳಲ್ಲಿ ಎರಡು ಗಂಭೀರವಾದವು. ಶೂವನ್ನು ತಡೆದರೆ ಪೈಪೋಟಿಯು ಕೈಗಡಿಯಾರ, ಚೀಲ, ನೀರಿನ ಬಾಟಲಿ, ಮೊಬೈಲುಗಳ ಕಡೆಗೆ ಹರಿಯುತ್ತದೆ ಎಂಬುದು ಮೊದಲನೆಯದು. ಇದು ನಿಜ; ಸಂಪತ್ತು ತನ್ನನ್ನು ತೋರಿಸಿಕೊಳ್ಳಲು ದಾರಿಗಳನ್ನು ಹುಡುಕುತ್ತಲೇ ಇರುತ್ತದೆ. ಆದರೆ ಗಡಿಯಾರವಿಲ್ಲದೆ ಶಾಲೆಗೆ ಬರಬಹುದು, ಶೂವಿಲ್ಲದೆ ಬರುವಂತಿಲ್ಲ. ಶಾಲೆಯೇ ಕಡ್ಡಾಯಗೊಳಿಸಿದ ವಸ್ತುವಿನಲ್ಲಿ ಪೈಪೋಟಿ ನಡೆದಾಗ ಅದರಿಂದ ತಪ್ಪಿಸಿಕೊಳ್ಳುವ ದಾರಿ ಮಗುವಿಗೆ ಇರುವುದಿಲ್ಲವಾದ್ದರಿಂದ ಅಲ್ಲಿ ಶಾಲೆಯ ಹೊಣೆ ಹೆಚ್ಚು. ಎರಡನೆಯದು ಸ್ವಾತಂತ್ರ್ಯದ ಪ್ರಶ್ನೆ. ಹದಿಹರೆಯದ ಹುಡುಗ ಹುಡುಗಿಯರಿಗೆ ತಮ್ಮ ಅಭಿರುಚಿಯನ್ನು ಉಡುಪಿನಲ್ಲಿ ವ್ಯಕ್ತಪಡಿಸುವ ಆಸೆ ಸಹಜ, ಅದನ್ನು ಗೌರವಿಸಲೇಬೇಕು. ಆದರೆ ಅಭಿರುಚಿಯನ್ನು ಹಬ್ಬ, ಪ್ರವಾಸ, ಸಂಜೆ ರಜೆಗಳಲ್ಲಿ ತೋರಿಸಲು ಅಡ್ಡಿಯಿಲ್ಲ. ದಿನಕ್ಕೆ ಆರೇಳು ಗಂಟೆಗಳ ಕಾಲ, ಬೇರೆ ಬೇರೆ ಮನೆಗಳಿಂದ ಬಂದ ಮಕ್ಕಳು ಒಟ್ಟಾಗಿ ಕಲಿಯುವ ಜಾಗದಲ್ಲಿ, ಹಣವಿದ್ದವರಿಗೆ ಮಾತ್ರ ದಕ್ಕುವ ಅಭಿವ್ಯಕ್ತಿಗೆ ಮಿತಿಯಿರುವುದು ಅನ್ಯಾಯವೆನಿಸದು. ಬಣ್ಣದ ದಾರ, ಕೈಯಾರೆ ಬಿಡಿಸಿದ ಚಿತ್ರ, ಹಾಡು, ಬರವಣಿಗೆ ಮುಂತಾದ, ಖರ್ಚಿಲ್ಲದ ಅಭಿವ್ಯಕ್ತಿಗೆ ಅದೇ ಶಾಲೆಯು ಹೆಚ್ಚು ಅವಕಾಶ ಕೊಟ್ಟರೆ ಆ ಮಿತಿಯ ಪ್ರಾಮಾಣಿಕತೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಹಾಗಾದರೆ ನಿಯಮ ಹೇಗಿರಬೇಕು? ಬ್ರ್ಯಾಂಡುಗಳ ಹೆಸರನ್ನು ಪಟ್ಟಿ ಮಾಡಿ ನಿಷೇಧಿಸುವುದು ಕೆಲಸಕ್ಕೆ ಬಾರದು. ಪಟ್ಟಿಯಲ್ಲಿಲ್ಲದ ಹೊಸ ಹೆಸರು ಮರುದಿನವೇ ಬರುತ್ತದೆ, ಪಟ್ಟಿಯಲ್ಲಿರುವ ಹೆಸರಿಗೆ ಇನ್ನಷ್ಟು ಆಕರ್ಷಣೆ ಹುಟ್ಟುತ್ತದೆ. ವಸ್ತುವನ್ನು ವರ್ಣಿಸುವುದೇ ಸರಿಯಾದ ದಾರಿ. ಒಂದೇ ಬಣ್ಣದ, ಹೊರಗಿನಿಂದ ಕಾಣುವ ಲಾಂಛನವಾಗಲಿ ಹೆಸರಾಗಲಿ ಇಲ್ಲದ, ಊರಿನ ಸಾಧಾರಣ ಅಂಗಡಿಗಳಲ್ಲಿ ದೊರೆಯುವ ಶೂ ಅಥವಾ ಸ್ಯಾಂಡಲ್ ಎಂದು ನಿಯಮವು ಹೇಳಿದರೆ ಸಾಕು. ಎಷ್ಟು ಬೆಲೆಯೊಳಗೆ ಅಂತಹ ಶೂ ಸಿಗುತ್ತದೆ ಎಂಬುದನ್ನು ಪೋಷಕರ ಸಭೆಯು ಪ್ರತಿವರ್ಷ ವಿಚಾರಿಸಿ ಒಂದು ಅಂದಾಜು ಮೊತ್ತವನ್ನು ಪ್ರಕಟಿಸುವುದು ಒಳ್ಳೆಯದು. ರಸೀತಿ ತೋರಿಸೆಂದು ಯಾರನ್ನೂ ಕೇಳಬೇಕಾಗಿಲ್ಲ. ವಾರದ ದಿನಗಳಿಗೊಂದು, ಶನಿವಾರಕ್ಕೊಂದು, ಆಟದ ತಂಡದ ಬಣ್ಣಕ್ಕೊಂದು ಎಂಬಂತೆ ಮೂರು ಜೊತೆ ಕೇಳುವ ಶಾಲೆಗಳು ಎಲ್ಲಕ್ಕೂ ಹೊಂದುವ ಒಂದೇ ಜೊತೆಯಲ್ಲಿ ತೃಪ್ತವಾಗಬೇಕು. ಚಪ್ಪಟೆ ಪಾದ, ಜನ್ಮಜಾತ ವಕ್ರಪಾದ ಮುಂತಾದ ತೊಂದರೆಗಳಿಗಾಗಿ ವೈದ್ಯರು ಸೂಚಿಸಿದ ವಿಶೇಷ ಶೂಗಳಿಗೆ ಪೂರ್ಣ ವಿನಾಯಿತಿ ಇರಬೇಕು. ಓಟದಲ್ಲಿಯೋ ಕ್ರೀಡಾಕೂಟದಲ್ಲಿಯೋ ಭಾಗವಹಿಸುವ ಮಗುವಿಗೆ ಆ ಆಟಕ್ಕೆ ಬೇಕಾದ ಶೂವನ್ನು ಮೈದಾನದಲ್ಲಿ ಧರಿಸಲು ಅವಕಾಶ ಇರಬೇಕು. ಅದನ್ನು ಕೊಳ್ಳಲಾಗದ ಪ್ರತಿಭಾವಂತನಿಗೆ ಶಾಲೆಯೇ ಒದಗಿಸುವುದು ಅದರ ಕರ್ತವ್ಯ.

ಇಷ್ಟು ಹೇಳಿದ ಮೇಲೆ ಶಾಲೆಯು ತನಗೆ ತಾನೇ ಹಾಕಿಕೊಳ್ಳಬೇಕಾದ ಮಿತಿಯ ವಿಚಾರ ಬರುತ್ತದೆ, ಇಡೀ ಪ್ರಶ್ನೆಯ ತಿರುಳೂ ಅದೇ. ಬ್ರ್ಯಾಂಡ್ ಶೂ ತರಬೇಡಿ ಎಂದು ಹೇಳಿ, ಅದೇ ಉಸಿರಿನಲ್ಲಿ ಇಂಥದೇ ಅಂಗಡಿಯಿಂದ ಶಾಲೆಯ ಲಾಂಛನದ ಶೂವನ್ನು ಮಾರುಕಟ್ಟೆಗಿಂತ ಹೆಚ್ಚು ಬೆಲೆಗೆ ಕೊಳ್ಳಿ ಎಂದು ಒತ್ತಾಯಿಸುವ ಶಾಲೆಯು ಪೋಷಕರನ್ನು ಒಂದು ಹೊರೆಯಿಂದ ಬಿಡಿಸಿ ಇನ್ನೊಂದಕ್ಕೆ ಕಟ್ಟುತ್ತದೆ. ಮಾನದ ಮಾತಾಡಿ ಲಾಭ ಮಾಡಿಕೊಂಡಿತೆಂಬ ಆಕ್ಷೇಪಕ್ಕೂ ಗುರಿಯಾಗುತ್ತದೆ. ಕರ್ನಾಟಕ ಶಿಕ್ಷಣ ಕಾಯಿದೆಯಡಿ 1995ರಲ್ಲಿ ರಚಿತವಾದ ನಿಯಮಗಳು ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಮುಂದಿನ ಐದು ವರ್ಷಗಳವರೆಗೆ ಬದಲಿಸಬಾರದು, ಬದಲಿಸಬೇಕಿದ್ದರೆ ಕನಿಷ್ಠ ಒಂದು ವರ್ಷ ಮುಂಚೆ ಪೋಷಕರಿಗೆ ತಿಳಿಸಬೇಕು ಎಂದು ಹೇಳುತ್ತವೆ. ಅಣ್ಣನ ಶೂ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಆಗಿಬರುವ ಮನೆಗಳ ಮಿತವ್ಯಯವನ್ನು ಕಾಯುವ ಈ ನಿಯಮವು ಎಷ್ಟೋ ಪೋಷಕರ ಗಮನಕ್ಕೇ ಬಂದಿಲ್ಲ. ದೆಹಲಿ ಸರ್ಕಾರವು 2022ರಲ್ಲಿ ಖಾಸಗಿ ಶಾಲೆಗಳಿಗೆ ಹೊರಡಿಸಿದ ಆದೇಶದಲ್ಲಿ ಪುಸ್ತಕ ಮತ್ತು ಸಮವಸ್ತ್ರಗಳನ್ನು ನಿರ್ದಿಷ್ಟ ಅಂಗಡಿಯಲ್ಲಿಯೇ ಕೊಳ್ಳಬೇಕೆಂದು ಒತ್ತಾಯಿಸಕೂಡದು, ಅವು ದೊರೆಯುವ ಕನಿಷ್ಠ ಐದು ಅಂಗಡಿಗಳ ವಿವರವನ್ನು ಪ್ರಕಟಿಸಬೇಕು ಎಂದು ವಿಧಿಸಿತು. ಕರ್ನಾಟಕದ ಶಾಲೆಗಳು ಇಂತಹ ಆದೇಶಕ್ಕೆ ಕಾಯದೆ ತಾವಾಗಿಯೇ ಈ ಕ್ರಮವನ್ನು ಪಾಲಿಸಿದರೆ, ದುಬಾರಿ ಶೂ ಬೇಡವೆಂಬ ಅವುಗಳ ಮಾತಿಗೆ ಪೋಷಕರ ಮನ್ನಣೆ ತಾನಾಗಿ ದೊರೆಯುತ್ತದೆ.

ನಿಯಮವನ್ನು ಜಾರಿಗೊಳಿಸುವ ರೀತಿಯೂ ನಿಯಮದಷ್ಟೇ ಮುಖ್ಯವಾದದ್ದು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮಗುವನ್ನು ಹೊರಗೆಳೆದು ಅದರ ಶೂವನ್ನು ಎಲ್ಲರಿಗೂ ತೋರಿಸುವುದು, ಶೂ ಕಳಚಿಸಿ ಬರಿಗಾಲಿನಲ್ಲಿ ನಿಲ್ಲಿಸುವುದು, ತರಗತಿಯ ಹೊರಗೆ ಕೂರಿಸುವುದು ಇವೆಲ್ಲ ತಡೆಯಬೇಕಾದ ಅಪಮಾನವನ್ನು ಶಾಲೆಯೇ ಮಾಡಿದಂತೆ. ಶಿಕ್ಷಣ ಹಕ್ಕು ಕಾಯಿದೆಯ ಹದಿನೇಳನೆಯ ಸೆಕ್ಷನ್ನು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಶೂವನ್ನು ಕೊಂಡವರು ಪೋಷಕರಾದುದರಿಂದ ಮಾತುಕತೆಯೂ ಅವರೊಂದಿಗೇ, ಏಕಾಂತದಲ್ಲಿ ನಡೆಯಬೇಕು. ಈಗಾಗಲೇ ಕೊಂಡ ಶೂ ಸವೆಯುವವರೆಗೆ ಅವಕಾಶ ಕೊಡಬೇಕು. ಶೂ ಹರಿದಿದೆ ಎಂಬ ಕಾರಣಕ್ಕೆ ಯಾವ ಮಗುವೂ ಪಾಠ ಕಳೆದುಕೊಳ್ಳಬಾರದು. ಅಳತೆ ಮೀರಿದ, ಇನ್ನೂ ಗಟ್ಟಿಯಾಗಿರುವ ಶೂಗಳನ್ನು ಸಂಗ್ರಹಿಸಿ, ಶುಚಿಗೊಳಿಸಿ, ಯಾರಿಗೆ ಯಾರದೆಂದು ತಿಳಿಯದಂತೆ ಹಂಚುವ ಏರ್ಪಾಟನ್ನು ಪ್ರತಿ ಶಾಲೆಯೂ ಮಾಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ನಿಯಮವೇಕೆ ಬಂದಿತೆಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು; ಶೂವಿನ ಬೆಲೆಯಲ್ಲಿ ತಯಾರಿಕೆಯ ಪಾಲೆಷ್ಟು, ಜಾಹೀರಾತಿನ ಪಾಲೆಷ್ಟು, ಅದನ್ನು ಹೊಲಿದವರ ಕೂಲಿಯೆಷ್ಟು ಎಂದು ಸಮಾಜ ವಿಜ್ಞಾನದ ತರಗತಿಯಲ್ಲಿ ಚರ್ಚಿಸಿದರೆ ಅದು ಯಾವ ನಿಷೇಧಕ್ಕಿಂತಲೂ ಆಳವಾಗಿ ನಾಟುತ್ತದೆ.

ಒಟ್ಟಿನಲ್ಲಿ, ಸಮವಸ್ತ್ರದ ನಿಯಮವು ದುಬಾರಿ ಬ್ರ್ಯಾಂಡ್ ಶೂಗಳಿಗೆ ಮಿತಿ ಹಾಕುವುದು ಉಚಿತವೂ ಅಗತ್ಯವೂ ಆಗಿದೆ; ಆದರೆ ಆ ಮಿತಿಯು ಬೆಲೆಯನ್ನು ಇಳಿಸಲಿಕ್ಕಾಗಿ ಇರಬೇಕೇ ಹೊರತು ಶಾಲೆಯ ಅಧಿಕಾರವನ್ನು ಏರಿಸಲಿಕ್ಕಾಗಿ ಅಲ್ಲ. ಪ್ರತಿ ಬೇಸಗೆಯ ಕೊನೆಯಲ್ಲಿ ಹೊಸ ಶೈಕ್ಷಣಿಕ ವರ್ಷಕ್ಕಾಗಿ ಸಮವಸ್ತ್ರದ ಪಟ್ಟಿ ಸಿದ್ಧವಾಗುವ ಹೊತ್ತಿನಲ್ಲಿ ಆಡಳಿತ ಮಂಡಳಿಗಳು, ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ ಸದಸ್ಯರು ಮತ್ತು ಪೋಷಕರು ಒಂದೆಡೆ ಕುಳಿತು, ತಮ್ಮ ಶಾಲೆಯ ಅತ್ಯಂತ ಬಡ ಮನೆಯು ಸಾಲ ಮಾಡದೆ ಕೊಳ್ಳಬಲ್ಲ ಶೂ ಯಾವುದೆಂದು ಮೊದಲು ವಿಚಾರಿಸಲಿ, ಅದನ್ನೇ ಎಲ್ಲ ಮಕ್ಕಳ ಶೂವನ್ನಾಗಿ ಗೊತ್ತುಮಾಡಲಿ. ಹೆಚ್ಚು ಬೆಲೆಯದನ್ನು ಕೊಳ್ಳಬಲ್ಲ ಪೋಷಕರು ಈ ತೀರ್ಮಾನವನ್ನು ಮನಸಾರೆ ಒಪ್ಪಿ, ಹಾಗೆ ಉಳಿದ ಹಣದಲ್ಲಿ ಒಂದು ಪಾಲನ್ನು ಶಾಲೆಯ ಗ್ರಂಥಾಲಯಕ್ಕೋ ಆಟದ ಮೈದಾನಕ್ಕೋ ಕೊಡಲಿ ಎಂಬುದೇ ಕೇಳುಗರಲ್ಲಿ ಮಾಡಬೇಕಾದ ಮನವಿ.